ಹಳೇ ಪುಸ್ತಕಕ್ಕೆ ಬಂತು ಭಾರೀ ರೇಟು

ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಪುಸ್ತಕಗಳನ್ನು ಆನ್‌ಲೈನಿನಲ್ಲಿ ಮಾರುವ ಮಹಾನುಭಾವರಿಗೆ ಶಿರಸಿಯಿಂದ ದೊಡ್ಡ ನಮಸ್ಕಾರ. ಹೊಸದಕ್ಕೆ 800 ರೂಪಾಯಿ. ಅದನ್ನೇ ಯಾರೋ ಓದಿ, ಪುಟದ ಕಿವಿ ಮಡಚಿಟ್ಟರೆ 4,000! ಇಂಥ ಯೋಗ ನಮ್ಮ ಅಡಿಕೆಗೂ ಬಂದಿಲ್ಲ.

ಅಡಿಕೆ ಅಂದಕೂಡಲೇ ನೆನಪಾಯ್ತು. ನಮ್ಮ ಮಾರ್ಕೆಟ್ಟಿನಲ್ಲಿ ರಾಶಿ, ಚಾಲಿ, ಬೆಟ್ಟೆ, ಕೋಕಾ, ಕೆಂಪುಗೋಟು ಅಂತೆಲ್ಲ ಬಗೆ ಉಂಟು. ವ್ಯಾಪಾರಿ ಕೈಗೆ ತಗೊಂಡು, ಒಡೆದು ನೋಡಿ ಆಮೇಲೆ ರೇಟು ಬರೆಯುತ್ತಾನೆ. ಆನ್‌ಲೈನಿನಲ್ಲೂ ‘ಲೈಕ್ ನ್ಯೂ’, ‘ವೆರಿ ಗುಡ್’, ‘ಅಕ್ಸೆಪ್ಟೆಬಲ್’ ಉಂಟು. ಮಾಲನ್ನು ಯಾರೂ ನೋಡಿರುವುದಿಲ್ಲ, ಅಷ್ಟೇ. ಪಕ್ಕದ ಮನೆ ಮಾಣಿಗೆ ‘ಲೈಕ್ ನ್ಯೂ’ ಬಂತು. ಮೊದಲ ಪುಟದಲ್ಲಿ ಯಾವುದೋ ಲೈಬ್ರರಿ ಸೀಲು, ಕೆಳಗೆ ‘ಹೊರಗೆ ಒಯ್ಯಬಾರದು’ ಅಂತ ಕೆಂಪು ಅಕ್ಷರ. ಡೈನಾಮಿಕ್ ಪ್ರೋಗ್ರಾಮಿಂಗ್ ಅನ್ನುವ ಅಧ್ಯಾಯದ ತುಂಬ ‘ಇಂಪಾರ್ಟೆಂಟ್, 10 ಮಾರ್ಕ್ಸ್’. ಗ್ರಾಫ್ ಅಧ್ಯಾಯ ಮಾತ್ರ ನಿಜಕ್ಕೂ ಹೊಸದು, ಯಾರೂ ಮುಟ್ಟಿರಲಿಲ್ಲ. ಅವನ ಗೆಳೆಯನಿಗೆ ಸಿಕ್ಕಿದ್ದು ಪೂರಾ ಜೆರಾಕ್ಸು. ಒಂದು ಪುಟದಲ್ಲಿ ಜೆರಾಕ್ಸ್ ಮಾಡಿದವನ ಹೆಬ್ಬೆರಳೂ ಅಚ್ಚಾಗಿದೆ. ರಟ್ಟಿನ ಮೇಲೆ ‘ಒರಿಜಿನಲ್’ ಸ್ಟಿಕ್ಕರ್.

ಎಷ್ಟೋ ಸಲ ರೇಟು ಹಾಕುವುದು ಮನುಷ್ಯರಲ್ಲ, ಪ್ರೋಗ್ರಾಮು. 2011ರಲ್ಲಿ ಅಮೆಜಾನಿನಲ್ಲಿ ನೊಣದ ಬಗೆಗಿನ ಒಂದು ಪುಸ್ತಕದ ಬೆಲೆ 2 ಕೋಟಿ 36 ಲಕ್ಷ ಡಾಲರ್ ದಾಟಿತ್ತಲ್ಲ, ಅದೇ ಕತೆ. ಮಾರುವವರು ಇಬ್ಬರು. ಒಬ್ಬನ ಪ್ರೋಗ್ರಾಮು ಎದುರಿನವನಿಗಿಂತ ಚೂರು ಕಮ್ಮಿ ಹಾಕುತ್ತಿತ್ತು. ಎದುರಿನವನದು ಇವನ 1.27 ಪಟ್ಟು. ಎರಡೂ ಸೇರಿ ಏಣಿ ಹತ್ತಿದವು, ಇಳಿಸುವವರು ಯಾರೂ ಇರಲಿಲ್ಲ. ಅಲ್ಗಾರಿದಮ್, ಅಂದರೆ ಪ್ರೋಗ್ರಾಮು ನಡೆಯುವ ಹಂತಹಂತದ ಸೂತ್ರ, ಕಲಿಯಬೇಕಾದ ಹುಡುಗನಿಗೆ ಪುಸ್ತಕ ಸಿಗದಂತೆ ಮಾಡುವುದೂ ಅಲ್ಗಾರಿದಮ್ಮೇ. ಪ್ರಾಕ್ಟಿಕಲ್ ಪಾಠ ಅಂದ್ರೆ ಇದು, ಅಲ್ವಾ?

ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕನೂತ್ ತಮ್ಮ ಪುಸ್ತಕದಲ್ಲಿ ತಪ್ಪು ಹುಡುಕಿದವರಿಗೆ 2.56 ಡಾಲರಿನ ಚೆಕ್ ಕಳಿಸುತ್ತಿದ್ದರು. ಫೋಟೋದಲ್ಲಿ ನಾಲ್ಕನೇ ಆವೃತ್ತಿ ತೋರಿಸಿ ಎರಡನೆಯದು ಕಳಿಸುವವರು ಪ್ರತಿ ತಪ್ಪಿಗೆ ಅಷ್ಟೇ ಕೊಟ್ಟಿದ್ದರೂ ಮಾಣಿಯ ಫೀಸು ತುಂಬಿಬಿಡುತ್ತಿತ್ತು.

ಸಾಕು, ನಗು ಬರುತ್ತಿಲ್ಲ. ಕಾರವಾರ, ಶಿರಸಿಯ ಮಕ್ಕಳಿಗೆ ಬಸ್ ಹತ್ತಿ ಹೋಗಿ ಪುಸ್ತಕ ತಿರುವಿ ನೋಡಲು ಹತ್ತಿರದಲ್ಲೊಂದು ಬೆಂಗಳೂರಿನ ಹಳೇ ಪುಸ್ತಕದ ಬೀದಿ ಅವೆನ್ಯೂ ರೋಡಿನಂಥದ್ದು ಇಲ್ಲ. ಅಂಚೆಯಲ್ಲಿ ಪುಸ್ತಕಕ್ಕಿದ್ದ ಅಗ್ಗದ ದರವನ್ನು 2024ರ ಡಿಸೆಂಬರಿನಲ್ಲಿ ಹೇಳದೆ ಕೇಳದೆ ತೆಗೆದರು. 2025ರ ಮೇನಲ್ಲಿ ‘ಜ್ಞಾನ ಪೋಸ್ಟ್’ ಅಂತ ಮತ್ತೆ ತಂದರು. 5 ಕಿಲೋಗೆ 100 ರೂಪಾಯಿ, ತೆರಿಗೆ ಬೇರೆ. ಒಳ್ಳೆಯದೇ. ಆದರೆ ಮಾರುವವನಿಗೆ ಅಂಚೆ ಕಚೇರಿಯ ದಾರಿ ಗೊತ್ತಿಲ್ಲ. ಅವನ ಕೊರಿಯರಿನ ಚಾರ್ಜನ್ನು ಅಡಿಕೆ ಸುಲಿದು ಮಗನನ್ನು ಓದಿಸುವ ಅಪ್ಪನೇ ಕಟ್ಟಬೇಕು.

ಮಾಣಿ ಪುಸ್ತಕ ವಾಪಸ್ ಕಳಿಸಲು ನೋಡಿದ. ‘ನಿಮ್ಮ ಪಿನ್‌ಕೋಡಿಗೆ ಈ ಸೌಲಭ್ಯ ಇಲ್ಲ’ ಅಂತು ಆ್ಯಪು. ತಂದುಕೊಡಲು ಮಾತ್ರ ದಾರಿ ಇತ್ತು. ಶಿರಸಿ-ಕುಮಟಾ ದಾರಿಯ ದೇವಿಮನೆ ಘಟ್ಟ ಒನ್ ವೇ ಆಗಿದ್ದು ಯಾವಾಗ ಮಾರಾಯ್ರೇ?