ಬಿಸಿನೀರಿನ ಬುಗ್ಗೆ ಮಂಡಿನೋವಿಗೆ ಒಳ್ಳೇದು, ಮಾತ್ರೆ ಬಿಡೋದಕ್ಕಲ್ಲ

ಮೂರು ದಿನದಿಂದ ಒಂದೇ ಫಾರ್ವರ್ಡ್ ನಾಲ್ಕು ಗ್ರೂಪಲ್ಲಿ ಬಂದಿದೆ. ನೈಸರ್ಗಿಕ ಬಿಸಿನೀರಿನ ಬುಗ್ಗೇಲಿ ದಿನಾ ಅರ್ಧ ಗಂಟೆ ಕೂತ್ರೆ ಶುಗರ್ ಹೋಗುತ್ತೆ, ಬಿಪಿ ಹೋಗುತ್ತೆ, ಮಂಡಿನೋವು ಹೋಗುತ್ತೆ, ಚರ್ಮದ ಕಾಯಿಲೆ ಹೋಗುತ್ತೆ, ಮೈಯಲ್ಲಿರೋ ವಿಷ ಎಲ್ಲಾ ಬೆವರಲ್ಲಿ ಹರಿದು ಹೋಗುತ್ತೆ ಅಂತ. ಇಷ್ಟೆಲ್ಲಾ ಹೋದ್ಮೇಲೆ ಡಾಕ್ಟರ್‌ಗಳೂ ಹೋಗ್ಬೇಕಲ್ಲ ಅಂತ ಬರೆಯೋಣ ಅನ್ನಿಸ್ತು, ಆದ್ರೆ ಕಳಿಸಿದವ್ರು ನಮ್ಮ ದೊಡ್ಡಮ್ಮ, ಸುಮ್ನಿದ್ದೆ. ಸುಮ್ನಿದ್ದಿದ್ದು ಎಲ್ಲಿವರೆಗೆ ಅಂದ್ರೆ, ಅವ್ರು ಫೋನ್ ಮಾಡಿ "ಹಂಗಾದ್ರೆ ನಾನು ಬಿಪಿ ಮಾತ್ರೆ ಬಿಟ್ಟು ಒಂದು ತಿಂಗ್ಳು ಬುಗ್ಗೆ ನೋಡ್ಲೇನೋ" ಅಂತ ಕೇಳೋವರೆಗೆ. ಅದಕ್ಕೇ ಈ ಉದ್ದದ ಪೋಸ್ಟು.

ಮೊದ್ಲೇ ಹೇಳ್ಬಿಡ್ತೀನಿ, ನಾನು ಬುಗ್ಗೆ ಪಾರ್ಟಿನೇ. ಕೂತು ಕೂತು ಸೊಂಟ ಹಾಳು ಮಾಡ್ಕೊಂಡವನು ನಾನು, ಮೊದಲನೇ ಸಲ ಅಂಥ ನೀರಲ್ಲಿ ಕುತ್ತಿಗೆವರೆಗೂ ಇಳಿದು ಕೂತಾಗ ಐದು ನಿಮಿಷಕ್ಕೆ ಬೆನ್ನಲ್ಲಿ ಯಾರೋ ಗಂಟು ಬಿಚ್ಚಿದ ಹಾಗಾಯ್ತು. ಆ ರಾತ್ರಿ ನಿದ್ದೆ ಬಂದಿದ್ದು ನೆನಪಿಲ್ಲ, ಬೆಳಗಾಗಿದ್ದಷ್ಟೇ ಗೊತ್ತು. ಸೋ ಉಪಯೋಗ ಇಲ್ಲ ಅಂತ ನಾನು ಹೇಳಲ್ಲ, ಇದೆ. ನನ್ನ ತಕರಾರು ಇರೋದು ಆ ಉಪಯೋಗ ಎಲ್ಲಿಂದ ಬರುತ್ತೆ ಅನ್ನೋದ್ರ ಬಗ್ಗೆ. ಎಲ್ರೂ ಗಂಧಕ, ಖನಿಜ, ಭೂಮಿಯ ಶಕ್ತಿ ಅಂತಾರೆ. ನಂಗೆ ಓದಿ ಓದಿ ಅನ್ಸಿದ್ದು ಮುಕ್ಕಾಲು ಪಾಲು ಕೆಲ್ಸ ಮಾಡೋದು ಬರೀ ನೀರು ಮತ್ತು ಬಿಸಿ.

ನೀರಿಂದ ಶುರು ಮಾಡೋಣ. ಕುತ್ತಿಗೆವರೆಗೂ ಮುಳುಗಿದ್ರೆ ನಿಮ್ಮ ಕಾಲಿನ ಮೇಲೆ ಬೀಳೋ ಭಾರ ಸುಮಾರು ಹತ್ತನೇ ಒಂದು ಭಾಗಕ್ಕೆ ಇಳಿಯುತ್ತೆ. ಎಪ್ಪತ್ತು ಕೆಜಿ ಮನುಷ್ಯ ಏಳು ಕೆಜಿ ಆದ ಹಾಗೆ. ಸವೆದ ಮಂಡಿಗೆ ಇದಕ್ಕಿಂತ ದೊಡ್ಡ ರಜೆ ಎಲ್ಲಿ ಸಿಗುತ್ತೆ ಹೇಳಿ. ಮೇಲಿಂದ ನೀರಿನ ಒತ್ತಡ ಬೇರೆ, ಒಂದು ಮೀಟರ್ ಆಳದಲ್ಲಿ ಗಾಳಿಯ ಒತ್ತಡದ ಹತ್ತನೇ ಒಂದು ಭಾಗದಷ್ಟು ಹೆಚ್ಚಿಗೆ ಇರುತ್ತೆ, ಅದು ಕಾಲಿಗೆ ಸುತ್ತಲಿಂದ ಬಿಗಿಯಾಗಿ ಬಟ್ಟೆ ಸುತ್ತಿದ ಹಾಗೆ ಒತ್ತುತ್ತೆ, ಕಾಲಲ್ಲಿ ಇಳಿದು ನಿಂತಿರೋ ರಕ್ತ ಮೇಲಕ್ಕೆ ಎದೆ ಕಡೆ ಹೋಗುತ್ತೆ, ಅರ್ಧ ಲೀಟರ್‌ಗಿಂತ ಜಾಸ್ತಿನೇ. ಆಗ ದೇಹ ಏನಂದ್ಕೊಳ್ಳುತ್ತೆ, ಓ ರಕ್ತ ಜಾಸ್ತಿ ಆಯ್ತು, ನೀರು ಹೊರಗೆ ಹಾಕೋಣ ಅಂತ. ನೀರಿಗಿಳಿದು ಸ್ವಲ್ಪ ಹೊತ್ತಿಗೇ ಒಂದಕ್ಕೆ ಬರೋದು ಅದಕ್ಕೆ, ನಾಚ್ಕೊಳ್ಳೋ ವಿಷ್ಯ ಏನಿಲ್ಲ, ಎದ್ದು ಹೋಗಿ ಬನ್ನಿ ದಯವಿಟ್ಟು.

ಇದಕ್ಕೆ ನಂಗೆ ಗೊತ್ತಿರೋ ಬೆಸ್ಟ್ ಉದಾಹರಣೆ ಆಮೇಲೆ ಅಮೆರಿಕದ ಅಧ್ಯಕ್ಷರಾದ ಫ್ರಾಂಕ್ಲಿನ್ ರೂಸ್‌ವೆಲ್ಟ್. 1921ರಲ್ಲಿ 39ನೇ ವಯಸ್ಸಿಗೆ ಅವ್ರ ಕಾಲು ಬಿತ್ತು, ಪೋಲಿಯೋ ಅಂದ್ರು ಡಾಕ್ಟ್ರು. 1924ರಲ್ಲಿ ಜಾರ್ಜಿಯಾದ ವಾರ್ಮ್ ಸ್ಪ್ರಿಂಗ್ಸ್ ಅನ್ನೋ ಕಡೆ ಹೋದ್ರು, ಅಲ್ಲಿನ ನೀರು ಸುಮಾರು 31 ಡಿಗ್ರಿ ಸೆಲ್ಸಿಯಸ್, ಅಂದ್ರೆ ಬಿಸಿ ಅಂತ ಹೇಳೋಕೂ ಆಗಲ್ಲ, ಉಗುರುಬೆಚ್ಚಗಿಂತ ಕಮ್ಮಿ. ಆದ್ರೆ ನೆಲದ ಮೇಲೆ ಅಲ್ಲಾಡದ ಕಾಲು ನೀರಲ್ಲಿ ಅಲ್ಲಾಡ್ತು. ಮನುಷ್ಯನಿಗೆ ಎಷ್ಟು ಖುಷಿಯಾಯ್ತು ಅಂದ್ರೆ 1926ರಲ್ಲಿ ಆ ಜಾಗವನ್ನೇ ಕೊಂಡ್ಕೊಂಡ್ರು, ಬೇರೆ ಪೋಲಿಯೋ ರೋಗಿಗಳಿಗೂ ಅಲ್ಲಿ ವ್ಯವಸ್ಥೆ ಮಾಡಿಸಿದ್ರು. ಕಾಲು ವಾಸಿಯಾಯ್ತಾ? ಇಲ್ಲ. ಕೊನೇವರೆಗೂ ಆಧಾರ ಇಲ್ದೆ ನಡೆಯೋಕೆ ಆಗ್ಲಿಲ್ಲ, 1945ರಲ್ಲಿ ತೀರಿಕೊಂಡಿದ್ದೂ ಅಲ್ಲೇ. ಆದ್ರೂ ಹೆಚ್ಚುಕಮ್ಮಿ ವರ್ಷವರ್ಷ ಹೋಗ್ತಿದ್ರು. ಗುಣ ಆಗೋದು ಬೇರೆ, ಹಾಯಾಗೋದು ಬೇರೆ, ಎರಡನೇದನ್ನ ನಾವು ಯಾಕೋ ಲೆಕ್ಕಕ್ಕೇ ಹಿಡಿಯಲ್ಲ.

ಇನ್ನು ಬಿಸಿ. 40 ಡಿಗ್ರಿ ಆಸುಪಾಸಿನ ನೀರಲ್ಲಿ ಕೂತ್ರೆ ಚರ್ಮದ ರಕ್ತನಾಳ ಎಲ್ಲಾ ಹಿಗ್ಗುತ್ತೆ, ಬಿಪಿ ಇಳಿಯುತ್ತೆ, ಎದೆಬಡಿತ ಏರುತ್ತೆ, ಒಂಥರಾ ನಿಧಾನ ವಾಕಿಂಗ್ ಹೋದ ಹಾಗೆ. ಅಮೆರಿಕದ ಒರೆಗಾನ್ ಯೂನಿವರ್ಸಿಟಿಯವ್ರು 2016ರಲ್ಲಿ ಹೇಳಿದ್ದು, ಎಂಟು ವಾರ, ವಾರಕ್ಕೆ ನಾಲ್ಕೈದು ಸಲ ಬಿಸಿನೀರಲ್ಲಿ ಕೂರಿಸಿದ್ರೆ ರಕ್ತನಾಳ ಮೃದುವಾಗಿ ಬಿಪಿ ಸ್ವಲ್ಪ ಸುಧಾರಿಸ್ತು ಅಂತ. ಆದ್ರೆ ಅದು ಇಪ್ಪತ್ತು ಜನ ಯಂಗ್‌ಸ್ಟರ್ಸ್ ಮೇಲೆ ಮಾಡಿದ್ದು, ಮತ್ತೆ ನೀರು ಬುಗ್ಗೇದಲ್ಲ, ಮಾಮೂಲಿ ಟಬ್ಬಿನದು. ಜಪಾನಲ್ಲಿ ಸುಮಾರು 30 ಸಾವಿರ ಜನರನ್ನ ಇಪ್ಪತ್ತು ವರ್ಷದ ಹತ್ತಿರ ಹಿಂಬಾಲಿಸಿ ನೋಡಿದ್ದೂ ಇದೆ, ದಿನಾ ಟಬ್ಬಲ್ಲಿ ಮುಳುಗೋವ್ರಿಗೆ, ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಮುಳುಗದವ್ರಿಗಿಂತ, ಹೃದಯ ಮತ್ತು ರಕ್ತನಾಳದ ಕಾಯಿಲೆ ಬರೋ ರಿಸ್ಕ್ ಶೇಕಡ 28 ಕಮ್ಮಿ ಕಂಡಿದೆ. ಇದನ್ನ ನೋಡಿ ಕುಣಿಯೋ ಮುಂಚೆ ಒಂದು ಮಾತು, ದಿನಾ ಆರಾಮಾಗಿ ಟಬ್ಬಲ್ಲಿ ಕೂರೋಷ್ಟು ಪುರುಸೊತ್ತು ಇರೋನು ಬೇರೆ ವಿಷಯದಲ್ಲೂ ಸ್ವಲ್ಪ ನೆಮ್ಮದಿಯಾಗೇ ಇರ್ತಾನೆ.

ನಿದ್ದೆ ವಿಷಯದಲ್ಲಿ ಮಾತ್ರ ನಂಗೆ ಅನುಮಾನ ಕಮ್ಮಿ. ಮಲಗೋಕೆ ಒಂದೆರಡು ಗಂಟೆ ಮುಂಚೆ 40ರಿಂದ 42 ಡಿಗ್ರಿ ನೀರಲ್ಲಿ ಸ್ವಲ್ಪ ಹೊತ್ತು ಇದ್ರೆ ಸರಾಸರಿ ಹತ್ತು ನಿಮಿಷ ಬೇಗ ನಿದ್ದೆ ಬರುತ್ತೆ ಅಂತ ಟೆಕ್ಸಾಸ್ ಯೂನಿವರ್ಸಿಟಿಯವ್ರು 2019ರಲ್ಲಿ ಹಳೇ ಸಂಶೋಧನೆಗಳನ್ನೆಲ್ಲಾ ಒಟ್ಟು ಹಾಕಿ ಹೇಳಿದ್ದಾರೆ. ತಮಾಷೆ ಅಂದ್ರೆ ಬಿಸಿನೀರು ನಿದ್ದೆ ತರಿಸೋದು ಮೈ ತಣ್ಣಗೆ ಮಾಡಿ! ಕೈಕಾಲಿನ ರಕ್ತನಾಳ ಹಿಗ್ಗಿ ಒಳಗಿನ ಶಾಖ ಹೊರಗೆ ಹೋಗುತ್ತೆ, ಒಳಗಿನ ಟೆಂಪರೇಚರ್ ಇಳಿದಾಗ ಮೆದುಳು ಇನ್ನು ಮಲಗೋ ಟೈಮು ಅನ್ಕೊಳ್ಳುತ್ತೆ. ಅಂದು ರಾತ್ರಿ ನಂಗಾಗಿದ್ದು ಇದೇ ಇರ್ಬೇಕು.

ಆಯ್ತು, ಹಾಗಾದ್ರೆ ಖನಿಜದಿಂದ ಏನೂ ಇಲ್ವಾ? ಸ್ವಲ್ಪ ಇದೆ. ಕಾರ್ಬನ್ ಡೈಆಕ್ಸೈಡ್ ಕರಗಿರೋ ನೀರಲ್ಲಿ ಚರ್ಮ ಕೆಂಪಗಾಗಿ ರಕ್ತ ಓಡಾಟ ಹೆಚ್ಚಾಗೋದು ಕಣ್ಣಿಗೇ ಕಾಣುತ್ತೆ. ಸೋರಿಯಾಸಿಸ್ ಅನ್ನೋ ಚರ್ಮದ ಕಾಯಿಲೆ ಇರೋ ಎಷ್ಟೋ ಜನಕ್ಕೆ ಮೃತ ಸಮುದ್ರದ ಹತ್ರ ಕೆಲವು ವಾರ ಇದ್ರೆ ಆರಾಮಾಗುತ್ತೆ, ಆದ್ರೆ ಅಲ್ಲಿ ಉಪ್ಪಿನ ಜೊತೆ ಬಿಸಿಲಿಗೂ ದೊಡ್ಡ ಪಾಲಿದೆ. ಐಸ್‌ಲ್ಯಾಂಡಿನ ಬ್ಲೂ ಲಗೂನ್ ಫೋಟೋ ನೋಡಿರ್ತೀರಿ, ಸೋರಿಯಾಸಿಸ್‌ಗೆ ಫೇಮಸ್ಸು, ಆ ಫಾರ್ವರ್ಡಲ್ಲೂ "ಪ್ರಕೃತಿಯ ವರ" ಅಂತ ಅದೇ ಫೋಟೋ ಹಾಕಿದ್ರು. ಅದು ಬುಗ್ಗೇನೇ ಅಲ್ಲ ಸ್ವಾಮಿ, 1976ರಲ್ಲಿ ಪಕ್ಕದಲ್ಲಿ ಶುರುವಾದ ಭೂಶಾಖದ ಪವರ್ ಪ್ಲಾಂಟಿಂದ ಹೊರಗೆ ಬಿಟ್ಟ ನೀರು ನಿಂತು ಆದ ಕೆರೆ! ಇನ್ನು ಜಪಾನಿನ 1948ರ ಕಾನೂನಿನ ಪ್ರಕಾರ ನೆಲದಿಂದ ಬರೋ ನೀರು 25 ಡಿಗ್ರಿ ಇದ್ರೆ ಸಾಕು ಅದನ್ನ ಬಿಸಿನೀರಿನ ಬುಗ್ಗೆ ಅನ್ಬೋದು, ಅಷ್ಟೂ ಇಲ್ದಿದ್ರೆ ಪಟ್ಟಿಲಿರೋ ಖನಿಜದಲ್ಲಿ ಯಾವ್ದಾದ್ರೂ ಒಂದು ಸಾಕಷ್ಟಿದ್ರೂ ನಡೆಯುತ್ತೆ. ಆದ್ರೆ ಮುಳುಗಿ ಕೂತ್ರೆ ಮೆಗ್ನೀಸಿಯಂ ಮೈಗೆ ಇಳಿಯುತ್ತೆ, ಕ್ಯಾಲ್ಸಿಯಂ ಮೂಳೆಗೆ ಹೋಗುತ್ತೆ ಅನ್ನೋದು ಬಿಡಿ. ಚರ್ಮ ಇರೋದೇ ಹೊರಗಿನದ್ದು ಒಳಗೆ ಬರದೇ ಇರ್ಲಿ ಅಂತ. ವಿಷ ಬೆವರಲ್ಲಿ ಹೋಗುತ್ತೆ ಅನ್ನೋದೂ ಅಷ್ಟೇ, ಆ ಕೆಲ್ಸಕ್ಕೆ ಕಿಡ್ನಿ ಲಿವರ್ ಇದೆ, ಬೆವರು ಇರೋದು ಮೈ ತಣ್ಣಗಿಡೋಕೆ.

ಖನಿಜದ ಹುಚ್ಚು ಎಲ್ಲಿಗೆ ಮುಟ್ಟಿತ್ತು ಅಂದ್ರೆ, ನೂರು ವರ್ಷದ ಹಿಂದೆ ಕೆಲವು ಬುಗ್ಗೆಗಳ ನೀರಲ್ಲಿ ವಿಕಿರಣ ಇದೆ ಅಂತ ಗೊತ್ತಾದಾಗ ಓ ಅದೇ ಗುಟ್ಟು ಅಂದ್ಕೊಂಡು ರೇಡಿಯಂ ಬೆರೆಸಿದ ನೀರನ್ನ ಬಾಟಲಿಲಿ ಮಾರಿದ್ರು. ಈಬೆನ್ ಬೈಯರ್ಸ್ ಅನ್ನೋ ಅಮೆರಿಕದ ಶ್ರೀಮಂತ ಅದನ್ನ ವರ್ಷಗಟ್ಟಲೆ ಕುಡಿದು, ದವಡೆ ಮೂಳೆ ಕೊಳೆತು 1932ರಲ್ಲಿ ಸತ್ತ. ನೆಲದಿಂದ ಬಂದಿದ್ದೆಲ್ಲಾ ಅಮೃತ ಅನ್ನೋರಿಗೆ ಈ ಕತೆ ಹೇಳಿ.

ನಂಬಿಕೆಯಿಂದಲೇ ಆರಾಮ ಅನ್ಸೋದು ಅಂತ ವಾದ ಮಾಡೋ ಸ್ನೇಹಿತರೂ ಇದ್ದಾರೆ ನಂಗೆ. ಅವ್ರಿಗೆ ನನ್ನ ಉತ್ತರ ಕೋತಿ. ಜಪಾನಿನ ಜಿಗೊಕುದಾನಿಲಿ ಚಳಿಗಾಲದಲ್ಲಿ ಹಿಮದ ಮಧ್ಯೆ ಬುಗ್ಗೇಲಿ ಕೂರೋ ಕೋತಿಗಳಿದಾವಲ್ಲ, ಅವುಗಳ ಲದ್ದಿ ಪರೀಕ್ಷೆ ಮಾಡಿ 2018ರಲ್ಲಿ ವರದಿ ಬಂತು, ಸ್ನಾನ ಮಾಡಿದ ವಾರಗಳಲ್ಲಿ ಹೆಣ್ಣು ಕೋತಿಗಳ ಸ್ಟ್ರೆಸ್ ಹಾರ್ಮೋನ್ ಕಮ್ಮಿ ಇತ್ತು. ಕೋತಿಗೆ ವಾಟ್ಸಾಪ್ ಇಲ್ಲ.

ಮಂಡಿನೋವಿನ ಲೆಕ್ಕ ಹೇಳ್ಬೇಕು, ದೊಡ್ಡಮ್ಮನಿಗೆ ಬೇಕಾಗಿದ್ದೇ ಅದು. ಫ್ರಾನ್ಸಲ್ಲಿ 462 ಜನ ಮಂಡಿ ಸವೆತದವ್ರನ್ನ ಎರಡು ಗುಂಪು ಮಾಡಿದ್ರು, ಒಂದು ಗುಂಪಿಗೆ ಮನೇಲಿ ವ್ಯಾಯಾಮ ಮಾತ್ರ, ಇನ್ನೊಂದಕ್ಕೆ ವ್ಯಾಯಾಮದ ಜೊತೆ ಮೂರು ವಾರ ಬುಗ್ಗೆ ನೀರಿನ ಚಿಕಿತ್ಸೆ. 2010ರಲ್ಲಿ ಬಂದ ಫಲಿತಾಂಶ, ಆರು ತಿಂಗಳಾದ್ಮೇಲೂ ಬುಗ್ಗೆಗೆ ಹೋದವ್ರಲ್ಲಿ ಶೇಕಡ 51 ಜನಕ್ಕೆ ಗುಣ ಕಂಡಿತ್ತು, ಬರೀ ವ್ಯಾಯಾಮದವ್ರಲ್ಲಿ ಶೇಕಡ 36. ಒಳ್ಳೇ ವ್ಯತ್ಯಾಸನೇ. ಆದ್ರೆ ತಾವು ನೀರಿಗಿಳಿದಿದ್ದೀವಿ ಅಂತ ರೋಗಿಗಳಿಗೆ ಗೊತ್ತಿರುತ್ತಲ್ಲ, ಹಂಗಾಗಿ ಅದನ್ನೂ ಸ್ವಲ್ಪ ಕಳೀಬೇಕು. ಆಮವಾತಕ್ಕೆ, ಅಂದ್ರೆ ರುಮಟಾಯ್ಡ್‌ಗೆ, ವೈದ್ಯಕೀಯ ಸಂಶೋಧನೆಗಳನ್ನ ಒಟ್ಟು ಹಾಕಿ ಅಳೆಯೋ ಕೊಕ್ರೇನ್ ಸಂಸ್ಥೆಯವ್ರು 2015ರಲ್ಲಿ ನೋಡಿದಾಗ ಪುರಾವೆ ಸಾಕಾಗಲ್ಲ ಅಂತಲೇ ಅಂದ್ರು. ಮತ್ತೆ ಆ 51ರಲ್ಲೂ ಯಾರ ಸವೆದ ಮಂಡಿಯೂ ಮತ್ತೆ ಬೆಳೆದಿಲ್ಲ, ನೋವು ಕಮ್ಮಿಯಾಗಿ ಓಡಾಟ ಸಲೀಸಾಯ್ತು ಅಷ್ಟೆ.

ಈಗ ಯಾರೂ ಫಾರ್ವರ್ಡ್ ಮಾಡದ ಭಾಗ. ನಾನೇ ಒಂದ್ಸಲ ಮುಕ್ಕಾಲು ಗಂಟೆ ಕೂತು ಸರ್ರನೆ ಎದ್ದೆ, ಕಣ್ಣು ಕತ್ತಲೆ ಬಂತು, ಕಲ್ಲು ಹಿಡ್ಕೊಂಡು ಅಲ್ಲೇ ಕುಸಿದೆ. ರಕ್ತನಾಳ ಎಲ್ಲಾ ಹಿಗ್ಗಿರುತ್ತೆ, ನೀರಿನ ಒತ್ತಡ ತಟ್ಟಂತ ಹೋಗುತ್ತೆ, ರಕ್ತ ಕಾಲಿಗಿಳಿಯುತ್ತೆ, ತಲೆಗೆ ಸಾಲಲ್ಲ. ನಂಗಾಗಿದ್ದು ಬಿಪಿ ಮಾತ್ರೆ ತಗೋಳೋ ವಯಸ್ಸಾದವ್ರಿಗೆ ಆದ್ರೆ ತಲೆ ಕಲ್ಲಿಗೆ ಹೊಡೆಯುತ್ತೆ ಇಲ್ಲಾ ನೀರಲ್ಲೇ ಮುಳುಗ್ತಾರೆ, ಸ್ನಾನದ ನಾಡು ಜಪಾನಲ್ಲೇ ವರ್ಷಕ್ಕೆ ಸಾವಿರಗಟ್ಟಲೆ ವಯಸ್ಸಾದವ್ರು ಬಿಸಿನೀರಿನ ಟಬ್ಬಲ್ಲಿ ಸಾಯ್ತಾರೆ. ಹತ್ತು ಹದಿನೈದು ನಿಮಿಷ ಸಾಕು, ನೀರು ಕುಡೀತಾ ಇರಿ, ಹೆಂಡ ಕುಡಿದು ಇಳೀಬೇಡಿ, ಒಬ್ರೇ ಇಳೀಬೇಡಿ. ಬಸುರಿಯರು ಅದ್ರಲ್ಲೂ ಮೊದಲ ಮೂರು ತಿಂಗ್ಳು ಬೇಡ, ಮೈ ಶಾಖ ಜಾಸ್ತಿ ಆದ್ರೆ ಮಗುವಿನ ಮೆದುಳು, ಬೆನ್ನುಹುರಿ ಬೆಳವಣಿಗೆಗೆ ಅಪಾಯ.

ಇನ್ನೊಂದು ಮುಖ್ಯ, ಮೂಗು. ಬೆಚ್ಚಗಿನ ಸಿಹಿನೀರಲ್ಲಿ ನೇಗ್ಲೇರಿಯಾ ಫೌಲೆರಿ ಅನ್ನೋ ಅಮೀಬಾ 46 ಡಿಗ್ರಿವರೆಗೂ ಬೆಳೆಯುತ್ತೆ, ಕುಡಿದ್ರೆ ಏನೂ ಆಗಲ್ಲ, ಮೂಗಿನ ಮೂಲಕ ಹೋದ್ರೆ ಮೆದುಳಿಗೆ ಏರುತ್ತೆ, ಏರಿದ್ರೆ ಉಳಿಯೋರು ತೀರಾ ಅಪರೂಪ. ಕಾಯಿಲೆನೂ ತುಂಬಾ ಅಪರೂಪನೇ, ಆದ್ರೆ ತಲೆ ಮುಳುಗಿಸದೇ ಇದ್ರೆ ತಪ್ಪಿಸ್ಬೋದಾದಾಗ ಯಾಕೆ ರಿಸ್ಕು. ಕೊಳೆತ ಮೊಟ್ಟೆ ವಾಸನೆ ಬರುತ್ತಲ್ಲ, ಅದು ಹೈಡ್ರೋಜನ್ ಸಲ್ಫೈಡ್, ಬಯಲಲ್ಲಿದ್ರೆ ಓಕೆ, ಮುಚ್ಚಿದ ಕೋಣೇಲಿ ಜಾಸ್ತಿಯಾದ್ರೆ ಮೊದ್ಲು ಮೂಗಿನ ಶಕ್ತಿಯನ್ನೇ ಕೊಲ್ಲುತ್ತೆ, ವಾಸನೆ ಹೋಯ್ತು ಅಂತ ಖುಷಿ ಪಡೋ ಹೊತ್ತಿಗೆ ಕತೆ ಮುಗಿದಿರುತ್ತೆ. ಮತ್ತೆ ಯಾರೂ ಇಳಿಯದ ಬುಗ್ಗೇಲಿ ಕಾಲು ಇಡ್ಬೇಡಿ, ಯೆಲ್ಲೋಸ್ಟೋನ್ ಪಾರ್ಕಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ಜನ ಬೆಂದು ಸತ್ತಿದ್ದಾರೆ.

ಯೆಲ್ಲೋಸ್ಟೋನ್ ಅಂದಾಗ ನೆನಪಾಯ್ತು. ಬುಗ್ಗೆಯಿಂದ ಮನುಷ್ಯನ ಆರೋಗ್ಯಕ್ಕೆ ಆಗಿರೋ ದೊಡ್ಡ ಉಪಕಾರ ನನ್ನ ಪ್ರಕಾರ ಅಲ್ಲಿಂದ ಬಂದಿದ್ದು, ಅದೂ ಯಾರೂ ಮುಳುಗದೇನೇ. ಥಾಮಸ್ ಬ್ರಾಕ್ ಅನ್ನೋ ವಿಜ್ಞಾನಿ 1960ರ ದಶಕದಲ್ಲಿ ಆ ಸುಡೋ ನೀರಲ್ಲಿ ಆರಾಮಾಗಿ ಬದುಕಿದ್ದ ಒಂದು ಬ್ಯಾಕ್ಟೀರಿಯಾ ಕಂಡುಹಿಡಿದ್ರು. ಅದರ ಕಿಣ್ವ ಶಾಖಕ್ಕೆ ಕೆಡಲ್ಲ, ಪಿಸಿಆರ್ ಟೆಸ್ಟ್ ಸುಲಭ ಆಗಿದ್ದು ಅದರಿಂದ. ಕೊರೋನಾ ಟೈಮಲ್ಲಿ ಆ ಟೆಸ್ಟಿಗೆ ಅಂತ ಮೂಗಿಗೆ ಕಡ್ಡಿ ಹಾಕಿಸ್ಕೊಂಡೋರೆಲ್ಲಾ ಒಂದು ಬುಗ್ಗೆಗೆ ಥ್ಯಾಂಕ್ಸ್ ಹೇಳ್ಬೇಕು.

ಇದನ್ನೆಲ್ಲಾ ಫೋನಲ್ಲಿ ದೊಡ್ಡಮ್ಮನಿಗೆ ಅರ್ಧ ಗಂಟೆ ಹೇಳಿದೆ. ಹೋಗಿ, ಖಂಡಿತ ಹೋಗಿ, ಆದ್ರೆ ಡಾಕ್ಟರ್ ಕೇಳಿ ಹೋಗಿ, ಮಾತ್ರೆ ಡಬ್ಬಿ ಬ್ಯಾಗಲ್ಲಿರ್ಲಿ, ಹತ್ತು ನಿಮಿಷ ಆದ್ಮೇಲೆ ನಿಧಾನಕ್ಕೆ ಎದ್ದು ದಡದಲ್ಲಿ ಸ್ವಲ್ಪ ಕೂತು ಆಮೇಲೆ ನಿಂತ್ಕೊಳ್ಳಿ ಅಂತ. ಎಲ್ಲಾ ಕೇಳಿಸ್ಕೊಂಡು "ನಿಂಗಿಂತ ಆ ಮೆಸೇಜೇ ವಾಸಿ ಕಣೋ, ಹತ್ತೇ ಸಾಲಿತ್ತು" ಅಂದ್ರು. ಮಾತ್ರೆ ಬಿಟ್ಟಿಲ್ಲ, ಅಣ್ಣನ ಹತ್ರ ಕೇಳಿ ಕನ್ಫರ್ಮ್ ಮಾಡ್ಕೊಂಡಿದ್ದೀನಿ.