ಮೀಟರ್ ನೋಡುವವರು ಎಲ್ಲಿ ಹೋದರು?

ಮುಂಬೈಯ ಮುಲುಂಡಿನ ಮೊಬೈಲ್ ಮಳಿಗೆಯೊಂದರಿಂದ ಈಗಷ್ಟೇ ಬಂದೆ. ಮೈ ಉರಿಯುತ್ತಿದೆ. ನಮ್ಮ ಕಟ್ಟಡದ ಜಲಜಕ್ಕನಿಗೆ ಯಾರೋ ಕರೆ ಮಾಡಿ, "ಟ್ರಾಯ್‌ನಿಂದ ಮಾತನಾಡುತ್ತಿದ್ದೇವೆ, ಎರಡು ಗಂಟೆಯಲ್ಲಿ ನಿಮ್ಮ ನಂಬರ್ ಬಂದ್" ಎಂದು ಹಿಂದಿಯಲ್ಲಿ ಗದರಿಸಿ ಆಧಾರ್ ಸಂಖ್ಯೆ ಕೇಳಿದ್ದಾನೆ. ಟ್ರಾಯ್ ಎಂದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅದು ಯಾರ ನಂಬರನ್ನೂ ಬಂದ್ ಮಾಡುವುದಿಲ್ಲ. ಆದರೆ ಅದು ಆಕೆಗೆ ಹೇಗೆ ಗೊತ್ತಾಗಬೇಕು? ದೂರು ಕೊಡಲು ಹೋದರೆ ಕೌಂಟರಿನ ಹುಡುಗ ತಲೆಯನ್ನೂ ಎತ್ತದೆ ಹೇಳಿದ: "ಆಂಟಿ, ನೀವೇ ಹುಷಾರಾಗಿರಬೇಕು."

ನೀವೇ! ಹಾಗಾದರೆ ತಿಂಗಳು ತಿಂಗಳು ರೀಚಾರ್ಜ್ ಯಾವ ಸುಖಕ್ಕೆ?

ಟೆಲಿಫೋನ್ ಬಿಲ್ಲಿಂಗ್ ವಿಭಾಗದಲ್ಲೇ ನನ್ನ ತಲೆ ನರೆತದ್ದು ನಿಮಗೆಲ್ಲ ಗೊತ್ತು. ಎಸ್‌ಟಿಡಿ ಬೂತಿನ ಮೀಟರ್ ಒಂದೇ ರಾತ್ರಿಯಲ್ಲಿ ಜಿಗಿದರೆ, ಬೆಳಿಗ್ಗೆ ಲೈನ್‌ಮ್ಯಾನ್ ಬೀದಿಯ ಡಿಪಿ ಬಾಕ್ಸ್ (ಮನೆಮನೆಗೆ ತಂತಿ ಹಂಚುವ ಪೆಟ್ಟಿಗೆ) ತೆರೆದು ಯಾರಾದರೂ ಕಳ್ಳತಂತಿ ಎಳೆದಿದ್ದಾರೆಯೇ ಎಂದು ನೋಡುತ್ತಿದ್ದ. ಈಗಿನ ಕಳ್ಳತಂತಿಯ ಹೆಸರು ಸಿಮ್ ಬಾಕ್ಸ್. ಒಂದು ಪೆಟ್ಟಿಗೆ, ಒಳಗೆ ಹತ್ತಾರು ಸಿಮ್. ವಿದೇಶದಿಂದ ಇಂಟರ್‌ನೆಟ್ ಮೂಲಕ ಬಂದ ಕರೆ ಅದರೊಳಗೆ ಹೊಕ್ಕು +91 ವೇಷ ತೊಟ್ಟು ಹೊರಬರುತ್ತದೆ. ಅಂಥ ಸಿಮ್‌ನ ಲೆಕ್ಕ ನೋಡಿ: ದಿನಕ್ಕೆ ನೂರಾರು ಅಪರಿಚಿತರಿಗೆ ಕರೆ, ಒಳಗೆ ಬರುವ ಕರೆ ಇಲ್ಲವೆನ್ನುವಷ್ಟು ಕಡಿಮೆ. ಹಗಲೂ ರಾತ್ರಿಯೂ ಒಂದೇ ಟವರ್. ಲೋಕಲ್ ರೈಲು ಹತ್ತುವುದಿಲ್ಲ, ಹಬ್ಬಕ್ಕೆ ಊರಿಗೂ ಹೋಗುವುದಿಲ್ಲ! ಇದನ್ನು ಹಿಡಿಯಲು ಮೊಬೈಲ್ ಕಂಪನಿಗಳಿಗೆ ಕೃತಕ ಬುದ್ಧಿಮತ್ತೆ ಏಕೆ, ನಮ್ಮ ಕಾಲದ ಗುಮಾಸ್ತನೊಬ್ಬ ಸಾಕಿತ್ತು.

"ಇಂಥ ಸಿಮ್ ಎಂದು ಅವಸರದಲ್ಲಿ ತಡೆದರೆ ಪಾಪ, ಕೊರಿಯರ್ ಹುಡುಗನ ನಂಬರೂ ಬಂದ್ ಆದೀತು" ಎನ್ನುವವರಿದ್ದಾರೆ. ಕೊರಿಯರ್ ಹುಡುಗ ಸಂಜೆಯೊಳಗೆ ಹತ್ತು ಟವರ್ ದಾಟುತ್ತಾನೆ ಸ್ವಾಮಿ, ಜನ ಅವನಿಗೆ ತಿರುಗಿ ಕರೆಯನ್ನೂ ಮಾಡುತ್ತಾರೆ.

ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕೆ ಸಾಕ್ಷಿಯೂ ಇದೆ. 2024ರ ಅಕ್ಟೋಬರ್‌ನಲ್ಲಿ ಭಾರತದ ಸಂಖ್ಯೆಯ ಸೋಗಿನಲ್ಲಿ ವಿದೇಶದಿಂದ ಬರುವ ಕರೆಗಳನ್ನು ತಡೆಯುವ ವ್ಯವಸ್ಥೆಯನ್ನು ದೂರಸಂಪರ್ಕ ಇಲಾಖೆ ಶುರು ಮಾಡಿದಾಗ, 24 ಗಂಟೆಯಲ್ಲೇ ಸಿಕ್ಕಿಬಿದ್ದದ್ದು ಸುಮಾರು 1.35 ಕೋಟಿ ಕರೆ. ಅಷ್ಟು ದಿನ ಅವೆಲ್ಲ ಯಾರ ಮನೆಯಲ್ಲಿ ರಿಂಗಾಗುತ್ತಿದ್ದವು? ನನ್ನ ಮನೆಯಲ್ಲಂತೂ ಹೌದು. ಇಡೀ ಜೀವಮಾನ ಅನ್ನ ಕೊಟ್ಟ ಆ ಸದ್ದಿಗೆ ನಾನೀಗ ಬೆಚ್ಚಿಬೀಳುತ್ತೇನೆ.

ದೂರಸಂಪರ್ಕ ಇಲಾಖೆಯ ಸಂಚಾರ ಸಾಥಿ ಜಾಲತಾಣದಲ್ಲಿ ಹುಡುಕಿದರೆ ಜಲಜಕ್ಕನ ಹೆಸರಿನಲ್ಲಿ ಆಕೆ ಕಂಡು ಕೇಳರಿಯದ ಎರಡು ನಂಬರ್! "ನನ್ನದಲ್ಲ" ಎಂದು ದಾಖಲಿಸಿದ್ದೇವೆ. ಒಬ್ಬರಿಗೆ ಒಂಬತ್ತು ಸಿಮ್‌ವರೆಗೆ ಅವಕಾಶವಿದೆ, ಸರಿ. ಆದರೆ ಹೊಸದನ್ನು ಚಾಲೂ ಮಾಡುವ ಮುನ್ನ ಆಕೆಯ ಹಳೆಯ ನಂಬರಿಗೆ ಒಂದು ಸಂದೇಶ ಕಳಿಸಿ ಕೇಳಬಾರದೆಂದು ಮೊಬೈಲ್ ಕಂಪನಿಗಳ ಕೈ ಹಿಡಿದವರು ಯಾರು?