ಹೆಲ್‌ಕ್ಯಾಟ್‌ನ ತಮ್ಮ

ಗ್ರಮ್ಮನ್ ಎಂದರೆ ಅಮೆರಿಕದ ಯುದ್ಧವಿಮಾನದ ಕಂಪನಿಯಾಗಿತ್ತು. ಎರಡನೇ ಮಹಾಯುದ್ಧಕ್ಕೆ 12,275 ಹೆಲ್‌ಕ್ಯಾಟ್‌ಗಳನ್ನು ಮಾಡಿಕೊಟ್ಟಿದ್ದು ಅದೇ. 1969ರಲ್ಲಿ ಚಂದ್ರನ ಮೇಲೆ ಇಳಿದ ಈಗಲ್ ಕೂಡ ಅದರ ಕೈಯಿಂದ ಬಂದದ್ದೇ. ಆದರೆ ಅಮೆರಿಕದಲ್ಲಿ ಕೆರೆದಂಡೆಯ ಶಿಬಿರಗಳಿಗೆ ಹೋಗಿ ಆ ಹೆಸರೆತ್ತಿ ನೋಡಿ: ಮರದ ಕೆಳಗೆ ಬೋರಲು ಬಿದ್ದಿರುವ ಬೆಳ್ಳಿಬಣ್ಣದ, ಮೈತುಂಬ ನೆಗ್ಗಿದ ದೋಣಿಯೊಂದರ ಕಡೆಗೆ ಕೈ ತೋರಿಸುತ್ತಾರೆ.

ಇದಕ್ಕೆ ಕಾರಣ ಒಬ್ಬರ ಹೆಗಲುನೋವು. ಕಂಪನಿಯ ಉಪಾಧ್ಯಕ್ಷ ವಿಲಿಯಂ ಹಾಫ್‌ಮನ್ 1944ರಲ್ಲಿ ರಜೆ ಹಾಕಿ ಅಡಿರಾಂಡ್ಯಾಕ್ ಬೆಟ್ಟಗಳಿಗೆ ಹೋಗಿದ್ದರು. ಕೆರೆಯಿಂದ ಕೆರೆಗೆ ದೋಣಿ ಹೊತ್ತು ನಡೆಯುವ ಊರು ಅದು. ಹೊತ್ತದ್ದು ಮರದ ಪಕ್ಕೆಲುಬಿಗೆ ಕ್ಯಾನ್ವಾಸ್ ಸುತ್ತಿದ ದೋಣಿ. ಅಂಥದ್ದು ನೀರು ಕುಡಿದಷ್ಟೂ ಭಾರವಾಗುತ್ತದೆ. ದಿನಬೆಳಗಾದರೆ ಅಲ್ಯೂಮಿನಿಯಂ ಬಗ್ಗಿಸುವವರಿಗೆ ಮುಂದಿನ ಯೋಚನೆ ಹೊಳೆಯಲು ಎಷ್ಟು ಹೊತ್ತು? 1945ರಲ್ಲಿ ದೋಣಿ ಹೊರಬಂತು. ಯುದ್ಧದ ಆರ್ಡರುಗಳು ನಿಂತು ಯಂತ್ರ, ಕೆಲಸಗಾರರು ಎಲ್ಲ ಖಾಲಿ ಕೂರುವ ಕಾಲ ಬಂದದ್ದೂ ಆಗಲೇ. ನಮ್ಮ ಬೆಂಗಳೂರಿನ ಎಚ್‌ಎಎಲ್ ಯುದ್ಧ ಮುಗಿದ ಮೇಲೆ ರೈಲು ಬೋಗಿ ಕಟ್ಟಲು ಕೂತದ್ದೂ ಇದೇ ಜಾತಿಯ ಕಥೆ. 1952ರಲ್ಲಿ ಗ್ರಮ್ಮನ್ ದೋಣಿ ಕೆಲಸವನ್ನು ನ್ಯೂಯಾರ್ಕ್ ರಾಜ್ಯದ ಮ್ಯಾರಥಾನ್ ಎಂಬ ಸಣ್ಣ ಊರಿಗೆ ಸಾಗಿಸಿತು.

ಉತ್ಪನ್ನ ಬದಲಾಯಿತು, ಕೈಯ ಅಭ್ಯಾಸ ಬದಲಾಗಲಿಲ್ಲ. ಹಾಳೆಯನ್ನು ಅಚ್ಚಿನ ಮೇಲೆ ಎಳೆದು ಎಡ, ಬಲ ಎರಡು ಹೋಳು ಮಾಡುತ್ತಿದ್ದರು. ಮೆದುವಾಗಿದ್ದಾಗ ಎಳೆದು, ಆಮೇಲೆ ಕಾವು ಕೊಟ್ಟು ಗಡಸು ಮಾಡಿ, ತಳದ ನಡುಗೆರೆಯಲ್ಲಿ ಕೂಡಿಸಿ ಸಾಲಾಗಿ ರಿವೆಟ್ (ಹಾಳೆಗಳನ್ನು ಬಿಗಿಯುವ ಲೋಹದ ಮೊಳೆ) ಹೊಡೆದರೆ ದೋಣಿ. ಲೋಹ 6061-ಟಿ6 ಎಂಬ, ಕಾವಿನಿಂದ ಗಡಸಾಗುವ ಅಲ್ಯೂಮಿನಿಯಂ ಮಿಶ್ರಲೋಹ. ಸಾಮಾನ್ಯ ಮಾದರಿಯಲ್ಲಿ ಹಾಳೆಯ ದಪ್ಪ 0.050 ಇಂಚು, ಹಗುರ ಮಾದರಿಯಲ್ಲಿ 0.032. ಹದಿನೇಳು ಅಡಿಯ ಸಾಮಾನ್ಯ ದೋಣಿ ಸುಮಾರು 75 ಪೌಂಡ್, ಅಂದರೆ 34 ಕಿಲೋ ತೂಗುತ್ತದೆ.

ದುರ್ಗುಣಗಳೂ ಇವೆ, ಮುಚ್ಚಿಡುವುದೇಕೆ. ಹುಟ್ಟು ಅಂಚಿಗೆ ತಾಗಿದರೆ ಕೆರೆಯ ಆಚೆ ದಡದ ಹಕ್ಕಿ ಕೂಡ ಎದ್ದುಹೋಗುತ್ತದೆ. ಬಿಸಿಲಲ್ಲಿ ಸೀಟು ಕಾದು ಕೂರಲಾಗುವುದಿಲ್ಲ, ಚಳಿಯಲ್ಲಿ ಮೊಣಕಾಲೂರಲಾಗುವುದಿಲ್ಲ. ಬಂಡೆಗೆ ತಗುಲಿದರೆ ಪ್ಲಾಸ್ಟಿಕ್ ದೋಣಿಯ ಹಾಗೆ ಜಾರದೆ ಕಚ್ಚಿಕೊಂಡು ನಿಲ್ಲುತ್ತದೆ; ಅದಕ್ಕೇ ಬಲ್ಲವರು ತಳಕ್ಕೆ ಪೇಸ್ಟ್ ಮೇಣ ತಿಕ್ಕುತ್ತಾರೆ.

ಹಳೆಯದೊಂದು ಅಗ್ಗಕ್ಕೆ ಸಿಕ್ಕರೆ ಹೊರಗಿನ ನೆಗ್ಗು ನೋಡಿ ಹೆದರಬೇಡಿ. ಹೊರಗೆ ಮರಳಿನ ಮೂಟೆ ಒತ್ತಿಟ್ಟು, ಒಳಗಿನಿಂದ ರಬ್ಬರ್ ಸುತ್ತಿಗೆಯಲ್ಲಿ ತಟ್ಟಬೇಕು. ನೆಗ್ಗಿನ ಅಂಚಿನಿಂದ ಶುರುಮಾಡಿ ಸುತ್ತುತ್ತ ನಡುವಿಗೆ ಬರಬೇಕು. ನೇರ ನಡುವಿಗೇ ಬಾರಿಸಿದರೆ ಹಾಳೆ ಹಿಗ್ಗಿ, ಒತ್ತಿದಾಗಲೆಲ್ಲ ಟಕ್ ಎಂದು ಒಳಹೊರಗೆ ಹಾರುವ ಗುಳಿಯೊಂದು ಶಾಶ್ವತವಾಗಿ ಉಳಿಯುತ್ತದೆ.

ನಿಜವಾದ ಪರೀಕ್ಷೆ ರಿವೆಟ್‌ಗಳದ್ದು. ದೋಣಿಯನ್ನು ನೆಲದಿಂದ ಎತ್ತಿ, ಉದ್ದಕ್ಕೂ ನಾಲ್ಕೈದು ಕಡೆ ಆನಿಕೆ ಕೊಟ್ಟು, ಒಳಗೆ ನಾಲ್ಕು ಬೆರಳಿನಷ್ಟು ನೀರು ಬಿಡಿ. ಅಷ್ಟಕ್ಕೇ ನೂರು ಕಿಲೋ ದಾಟುತ್ತದೆ. ಎರಡೇ ಕಡೆ ಆನಿಸಿದರೆ ತಳ ಜಗ್ಗುತ್ತದೆ. ಕೆಳಗೆ ಬಗ್ಗಿ, ಜಿನುಗುವ ರಿವೆಟ್‌ಗೆಲ್ಲ ಮೇಣದ ಬಳಪದಲ್ಲಿ ಗುರುತು ಹಾಕಿ. ನೀರು ಚೆಲ್ಲಿ ಒಣಗಿಸಿದ ಮೇಲೆ ಇಬ್ಬರ ಕೆಲಸ: ಒಬ್ಬರು ಹೊರಗಿನ ತಲೆಗೆ ಭಾರದ ಉಕ್ಕಿನ ಗಟ್ಟಿ ಒತ್ತಿಹಿಡಿಯಬೇಕು, ಇನ್ನೊಬ್ಬರು ಒಳಗಿನ ಬಾಲವನ್ನು ಸುತ್ತಿಗೆಯಲ್ಲಿ ಮೆಲ್ಲಗೆ ಮೊಟಕಬೇಕು. ಆವೇಶ ಬಂದರೆ ತೂತು ಹಿಗ್ಗುತ್ತದೆ. ಹಿಗ್ಗಿಹೋಗಿದ್ದರೆ ಕೊರೆದು ತೆಗೆದು ಒಂದು ಅಳತೆ ಹೆಚ್ಚು ದಪ್ಪದ ಗಟ್ಟಿ ರಿವೆಟ್ ಹಾಕುವುದೇ ದಾರಿ. ಅಂಗಡಿಯಲ್ಲಿ ಸಿಗುವ ಪಾಪ್ ರಿವೆಟ್‌ನ ನಡುವೆ ಟೊಳ್ಳು. ಅದು ತಾನೇ ಸೋರುತ್ತದೆ.

ಬಿರುಕಿದ್ದರೆ ವೆಲ್ಡಿಂಗ್ ಎಂದು ಓಡಬೇಡಿ. ಕಾವಿನಿಂದ ಬಂದ ಗಡಸುತನ ಕಾವಿನಿಂದಲೇ ಹೋಗುತ್ತದೆ; ಬೆಸುಗೆಯ ಅಕ್ಕಪಕ್ಕ ಲೋಹ ಮೆತ್ತಗಾಗಿ ಮುಂದಿನ ಬಿರುಕು ಅಲ್ಲೇ ಏಳುತ್ತದೆ. ಬಿರುಕಿನ ಎರಡೂ ತುದಿಗೆ ಕಾಲಿಂಚಿನ ಅರ್ಧದಷ್ಟು ತೂತು ಕೊರೆದರೆ ಅದು ಮುಂದೆ ಓಡದೆ ನಿಲ್ಲುತ್ತದೆ. ಮೇಲೆ ಅದೇ ಲೋಹದ ತೇಪೆಯಿಟ್ಟು, ನಡುವೆ ಸೋರಿಕೆ ತಡೆಯುವ ಸೀಲಂಟ್ ಸವರಿ, ರಿವೆಟ್ ಹೊಡೆಯಬೇಕು. ವಿಮಾನದ ರೆಕ್ಕೆಗೂ ಅದೇ ಉಪಚಾರ. ಉಕ್ಕಿನ ಸ್ಕ್ರೂ, ಹಿತ್ತಾಳೆ ಬೋಲ್ಟ್ ಮಾತ್ರ ಬೇಡ. ಉಪ್ಪುನೀರು ಸೇರಿದರೆ ಅಲ್ಯೂಮಿನಿಯಂ ತಾನೇ ಕರಗಿ ಅವನ್ನು ಉಳಿಸುತ್ತದೆ. ತಾಮ್ರದ ಔಷಧಿ ಕುಡಿಸಿದ ಮರದ ಮೇಲೆ ಇಟ್ಟರೂ ಅದೇ ಗತಿ.

ಕೊಳ್ಳುವಾಗ ತಕ್ಕಡಿಯೊಂದನ್ನು ಜೊತೆಗೆ ಒಯ್ಯುವುದು ಲೇಸು. ಅಲ್ಯೂಮಿನಿಯಂ ನೀರಿಗಿಂತ 2.7 ಪಟ್ಟು ಭಾರ, ಮಗುಚಿದಾಗ ಅದನ್ನು ತೇಲಿಸುವುದು ಎರಡೂ ತುದಿಯ ಮುಚ್ಚಳದ ಕೆಳಗೆ ತುಂಬಿದ, ಥರ್ಮೊಕೋಲಿನಂಥ ಗಟ್ಟಿ ನೊರೆ (ಫೋಮ್). ಹಳೆಯ ನೊರೆ ನೀರು ಕುಡಿಯುತ್ತದೆ, ಪುಡಿಯಾಗುತ್ತದೆ. ಹದಿನೇಳು ಅಡಿಯದ್ದು 40 ಕಿಲೋ ತೂಗಿದರೆ ಹೆಚ್ಚಿನ ಆ ಕಿಲೋಗಳು ನೀರೇ ಇರಬೇಕು. ನೊರೆ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.